ಸೀಟಿಗಿಂತ ಮೊದಲು ಬಂದ ಫ್ಲೆಕ್ಸು

ತಾವರಗೇರಾದಲ್ಲಿ ಒಬ್ಬರು ಏನಾದರೂ ಆದರು ಎನ್ನುವುದಕ್ಕೆ ಸರ್ಟಿಫಿಕೇಟು ಸಾಕಾಗುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಸರ್ಕಲ್ಲಿನಲ್ಲಿ ಫ್ಲೆಕ್ಸು ಏಳಬೇಕು. ಪಂಚಾಯ್ತಿಗೆ ಆರಿಸಿ ಬಂದವರಿಗೆ, ಪೊಲೀಸ್ ಪೇದೆಯಾಗಿ ಆಯ್ಕೆಯಾದವರಿಗೆ, ಹೊಸ ಟ್ರ್ಯಾಕ್ಟರ್ ತಂದವರಿಗೆ, ಏನೂ ಮಾಡದೆ ಬರೀ ಒಂದು ವರ್ಷ ದೊಡ್ಡವರಾದವರಿಗೆ, ಎಲ್ಲರಿಗೂ ಅಲ್ಲಿ ಜಾಗವಿದೆ. ಅಭಿನಂದನೆ ಪಡೆಯುವವರ ಮುಖ ನಡುವೆ ಒಂದು, ಕೋರುವವರ ಮುಖಗಳು ಸುತ್ತ ಒಂದು ಹಿಂಡು. ಯಾರಿಗೆ ಏನಾಯಿತು ಎಂದು ತಿಳಿಯಲು ಹತ್ತಿರ ಹೋಗಿ ಓದಬೇಕು. ಯಾರು ಯಾರ ಕಡೆಯವರು ಎಂಬುದು ಮಾತ್ರ ಬಸ್ಸಿನ ಕಿಟಕಿಯಿಂದಲೇ ಗೊತ್ತಾಗುತ್ತದೆ.

ಆ ಫ್ಲೆಕ್ಸುಗಳ ಒಕ್ಕಣೆ ನನ್ನದು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಕವನ ಸಂಕಲನ ತಂದಿದ್ದೇನೆ. ಅದರ ಪ್ರತಿಗಳು ಅಟ್ಟದ ಮೇಲೆ ಕ್ಷೇಮವಾಗಿವೆ. ಇಲಿಗಳು ಕೂಡ ಮುನ್ನುಡಿ ದಾಟಿ ಒಳಗೆ ಹೋಗಿಲ್ಲ. ಆದರೆ ಫ್ಲೆಕ್ಸಿನ ವಿಷಯ ಬೇರೆ. ಕುಷ್ಟಗಿಗೆ ಹೋಗುವ ಪ್ರತಿ ಬಸ್ಸೂ ನನ್ನ ಓದುಗರನ್ನು ತುಂಬಿಕೊಂಡೇ ಹೋಗುತ್ತದೆ. 'ದಿಟ್ಟ ಹೆಜ್ಜೆಯ ಧೀಮಂತ', 'ಬಡವರ ಪಾಲಿನ ಬೆಳಕು' ಇವೆಲ್ಲ ನನ್ನವೇ. ಒಮ್ಮೆ ಬರೆದದ್ದನ್ನು ಹೆಸರು ಬದಲಿಸಿ ಇನ್ನೊಬ್ಬರಿಗೆ ಕೊಟ್ಟರೂ ಯಾರೂ ಕೃತಿಚೌರ್ಯ ಅನ್ನಲಿಲ್ಲ.

ಹೀಗಿದ್ದ ನನಗೆ ಬರೆಯಲು ಕಷ್ಟವಾದ ಫ್ಲೆಕ್ಸು ಒಂದೇ. ಅದು ಸುಕನ್ಯಾಳದು.

ಸುಕನ್ಯಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಪ್ಪ ಹುಲಿಗೆಪ್ಪ ನಮ್ಮೂರಿಗೆ ನಲ್ಲಿ ನೀರು ಬಿಡುವವನು. ಯಾವ ಓಣಿಗೆ ಯಾವಾಗ ವಾಲ್ವು ತಿರುಗಿಸಬೇಕು ಎಂಬುದು ಅವನ ಕೈಯಲ್ಲಿರುವುದರಿಂದ ಅವನನ್ನು ಎದುರು ಹಾಕಿಕೊಂಡವರು ಊರಿನಲ್ಲಿ ಯಾರೂ ಇಲ್ಲ. ಅಮ್ಮ ಕಳಕಮ್ಮ ಮನೆ, ಎಮ್ಮೆ, ಗಂಡ ಮೂರನ್ನೂ ಒಂದೇ ದನಿಯಲ್ಲಿ ಗದರಿಸುವ ಹೆಂಗಸು. ಕಳಕಮ್ಮನ ತಮ್ಮ ಕನಕರಾಜನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಈ ಕಥೆಯ ತೊಂದರೆಯೆಲ್ಲ ಹುಟ್ಟಿದ್ದು ಆ ಅಂಗಡಿಯಲ್ಲಿ, ನನ್ನ ಕೈಯಿಂದ.

ಸುಕನ್ಯಾ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಪಿಎಚ್.ಡಿ.ಗೆ ಸೇರಿದಾಗಲೇ ಒಂದು ಫ್ಲೆಕ್ಸು ಆಗಿತ್ತು. ಅವಳ ಸಂಶೋಧನೆಯ ವಿಷಯ ಗಂಗಾವತಿ ಕಡೆಯ ಭತ್ತದ ಗದ್ದೆಗಳ ಸೊಳ್ಳೆ. ವಿಷಯ ಕೇಳಿ ಊರು ತಲೆ ಕೆರೆದುಕೊಂಡಿತು. ಸೊಳ್ಳೆ ಹೊಡೆಯುವುದು ಗೊತ್ತು, ಓದುವುದು ಹೇಗೆ? 'ನಮ್ಮ ಗಟಾರದಾಗ ಬೇಕಾದಷ್ಟು ಅದಾವು, ಗಂಗಾವತಿತನಕ ಯಾಕ ಹೋಗಬೇಕು' ಎಂದು ಕಳಕಮ್ಮ ಕೇಳಿದ್ದಳಂತೆ. ನಾನು ಫ್ಲೆಕ್ಸಿನಲ್ಲಿ ಸೊಳ್ಳೆಯನ್ನು ಕೈಬಿಟ್ಟು 'ಜೀವವಿಜ್ಞಾನ' ಎಂದು ಬರೆದು ಮರ್ಯಾದೆ ಉಳಿಸಿದ್ದೆ.

ಎರಡು ವರ್ಷ ಅವಳು ಕಾಲುವೆ ಬದಿಗೆ ಕ್ಯಾಂಪು ಎಂದು ಕರೆಯುವ ಹಳ್ಳಿಗಳ ಗದ್ದೆಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಸೊಳ್ಳೆಯ ಮರಿಗಳನ್ನು ಸೌಟಿನಿಂದ ಮೊಗೆದು ಬಾಟಲಿಗೆ ತುಂಬಿದಳು. ಮಾರ್ಗದರ್ಶಕರು ಬಾಟಲಿ ನೋಡಿ, ಇನ್ನೂ ಬೇಕು ಎನ್ನುತ್ತಿದ್ದರು. ಅವಳು ಗಂಗಾವತಿಯಿಂದ ಬರುವಾಗ ಅವರ ಮನೆಗೆ ಸೋನಾಮಸೂರಿ ಅಕ್ಕಿಯನ್ನೂ ತರಬೇಕಿತ್ತು. ಅದನ್ನು ನೋಡಿಯೂ ಅದೇ ಮಾತು.

ಒಂದು ದಿನ ನಾಟಿ ಹಚ್ಚುತ್ತಿದ್ದ ಹೆಂಗಸೊಬ್ಬಳು ಜ್ವರ ಬಂದು ಬದುವಿನ ಮೇಲೆ ಮುದುಡಿ ಕೂತಿದ್ದಳು. ಬಾಟಲಿ ಹಿಡಿದು ಹೋಗುತ್ತಿದ್ದ ಸುಕನ್ಯಾಳನ್ನು ಕರೆದು, "ಯವ್ವಾ, ದಿನಾ ಬಂದು ಸೊಳ್ಳಿ ನೋಡ್ತಿಯಲ್ಲ, ನನ್ನನ್ನೂ ಒಂದೀಟು ನೋಡು" ಅಂದಳು.

ಸುಕನ್ಯಾಳಿಗೆ ಆ ಗದ್ದೆಯ ಸೊಳ್ಳೆಯ ಕಾಲಿನ ಕೂದಲಿನ ತನಕ ಗೊತ್ತಿತ್ತು. ಆ ಹೆಂಗಸಿಗೆ ಏನಾಗಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ತನಗೆ ಬರುವುದಿಲ್ಲವೆಂದು ಹೇಳಿ, ಯಾರದೋ ಬೈಕಿನಲ್ಲಿ ಅವಳನ್ನು ಆಸ್ಪತ್ರೆಗೆ ಕಳಿಸಿ, ಬಾಟಲಿಯ ನೀರನ್ನು ಅದೇ ಗದ್ದೆಗೆ ಸುರಿದು, ತಿಂಗಳೊಳಗೆ ಪಿಎಚ್.ಡಿ. ಬಿಟ್ಟು ಮನೆಗೆ ಬಂದಳು. ನೀಟ್ ಬರೆದು ಎಂಬಿಬಿಎಸ್ ಸೇರುತ್ತೇನೆ ಎಂದಳು. ಬಿಡಲು ಕಾರಣ ಆ ಹೆಂಗಸು ಎಂದು ಅವಳು ಹೇಳಿದ್ದನ್ನು ನಾನು ನಂಬಿದ್ದೇನೆ. ಅಕ್ಕಿ ಚೀಲದ ಭಾರವೂ ಸ್ವಲ್ಪ ನೆರವಾಗಿರಬಹುದು.

ಆಗ ಅವಳಿಗೆ ಇಪ್ಪತ್ತಾರು. ನೀಟ್ ಬರೆಯುವ ಉಳಿದವರು ಆಗಿನ್ನೂ ಮೀಸೆ ಬರುತ್ತದೋ ಇಲ್ಲವೋ ಎಂದು ಕನ್ನಡಿ ನೋಡಿಕೊಳ್ಳುವ ವಯಸ್ಸಿನವರು. ಹುಲಿಗೆಪ್ಪ ಮಗಳಿಗೆ ಏನೂ ಅನ್ನಲಿಲ್ಲ. ಆದರೆ ಅಂದು ಊರಿನ ಯಾವ ಓಣಿಗೂ ಸರಿಯಾಗಿ ನೀರು ಬರಲಿಲ್ಲ.

ಮರುದಿನ ಕನಕರಾಜ ನನ್ನ ಮನೆಗೆ ಬಂದ. ಪಿಎಚ್.ಡಿ.ಗೆ ಸೇರಿದ್ದಕ್ಕೆ ಅಷ್ಟು ದೊಡ್ಡ ಫ್ಲೆಕ್ಸು ಹಾಕಿದ್ದೇವೆ, ಈಗ ಬಿಟ್ಟು ಬಂದಿದ್ದಾಳೆ ಎಂದು ಗೊತ್ತಾದರೆ ಮಂದಿ ಸುಮ್ಮನಿರುತ್ತಾರೆಯೇ ಎಂಬುದು ಅವನ ಚಿಂತೆ. ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ್ದ.

"ಬಿಟ್ಟು ಬಂದಾಳ ಅಂತ ಮಂದಿ ಅನ್ನೂದ್ರೊಳಗ, ಮುಂದ ಹೋಗ್ಯಾಳ ಅಂತ ನಾವ ಹಾಕಿಬಿಡೂಣು ಮಾಸ್ತರ."

ಸೀಟೇ ಸಿಕ್ಕಿಲ್ಲವಲ್ಲ ಎಂದೆ. ಸಿಕ್ಕಿದೆ ಎಂದು ಬರೆಯುವುದು ಬೇಡ, ಸಿಕ್ಕಿಲ್ಲ ಎಂದೂ ಬರೆಯುವುದು ಬೇಡ, ನಡುವೆ ಏನಾದರೂ ಬರೆಯಿರಿ, ನಿಮಗೆ ಅದು ಬರುತ್ತದೆ ಎಂದ. ಹೊಗಳಿಕೆಗೆ ನಾನು ಬೇಗ ಕರಗುತ್ತೇನೆ. ಸಂಕಲನ ಅಟ್ಟದ ಮೇಲಿರುವ ಕವಿಗಳೆಲ್ಲ ಹೀಗೆಯೇ. ಬರೆದುಕೊಟ್ಟೆ: 'ಸಂಶೋಧನಾ ಕ್ಷೇತ್ರದಿಂದ ವೈದ್ಯಕೀಯ ಕ್ಷೇತ್ರದತ್ತ ದಾಪುಗಾಲು ಹಾಕಿರುವ ನಮ್ಮೂರ ಹೆಮ್ಮೆಯ ಪುತ್ರಿ ಕು. ಸುಕನ್ಯಾ ಅವರಿಗೆ ಹಾರ್ದಿಕ ಅಭಿನಂದನೆಗಳು.' ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದನ್ನು ನಾನೇ ಎರಡು ಸಲ ಓದಿಕೊಂಡು ಸಂತೋಷಪಟ್ಟೆ.

ಚಿತ್ರದ ಜವಾಬ್ದಾರಿ ಕನಕರಾಜನದು. ಬಿಳಿ ಕೋಟು, ಸ್ಟೆಥಾಸ್ಕೋಪು ಇರುವ ಯಾರದೋ ಮೈಯನ್ನು ಇಂಟರ್ನೆಟ್ಟಿನಿಂದ ಇಳಿಸಿ ಅದರ ಮೇಲೆ ಸುಕನ್ಯಾಳ ತಲೆ ಕೂಡಿಸಿದ್ದ. ಅವಸರದಲ್ಲಿ ಅವನು ಕೈಗಳನ್ನು ನೋಡಿರಲಿಲ್ಲ. ಸ್ಟೆಥಾಸ್ಕೋಪು ಹಿಡಿದ ಆ ಕೈ ಒಳ್ಳೇ ಕುಸ್ತಿ ಪೈಲ್ವಾನನದು. ಮುಂಗೈ ತುಂಬ ಕೂದಲು, ಮೇಲೊಂದು ದಪ್ಪ ಗಡಿಯಾರ. ಸರ್ಕಲ್ಲಿನಲ್ಲಿ, ಸಂತೆಯ ಬಾಯಿಯಲ್ಲಿ, ನೀರಿನ ಟಾಕಿಯ ಹತ್ತಿರ, ಎಲ್ಲೆಲ್ಲೂ ಆ ಕೈ ಊರಿಗೆ ಭರವಸೆ ಕೊಡುತ್ತ ನಿಂತಿತು.

ಕೋಚಿಂಗ್ ವಿಚಾರಿಸಲು ಗಂಗಾವತಿಗೆ ಹೋಗಿದ್ದ ಸುಕನ್ಯಾ ಸಂಜೆ ಬಸ್ಸಿಳಿದವಳು ತನ್ನನ್ನು ತಾನೇ ನೋಡಿದಳು. ಮನೆಗೆ ಹೋಗದೆ ನೇರ ನನ್ನ ಹತ್ತಿರ ಬಂದಳು.

"ಸರ್, ನಾನಿನ್ನೂ ಪರೀಕ್ಷಾಕ್ಕ ಅರ್ಜಿನೂ ಹಾಕಿಲ್ಲ."

"ಅದರಾಗ ಸುಳ್ಳು ಎಲ್ಲೈತಿ ತೋರಸವಾ."

"ಸುಳ್ಳಿಲ್ಲ ಸರ್. ಅದಕ್ಕ ಅದನ್ನ ಸುಳ್ಳಂತ ಹೇಳಾಕ ಬರವಲ್ದು."

ನನ್ನ ಬರವಣಿಗೆಯ ಬಗ್ಗೆ ಇಷ್ಟು ನಿಖರವಾದ ವಿಮರ್ಶೆ ಮೊದಲು ಬಂದಿರಲಿಲ್ಲ.

ಊರು ಓದಬೇಕಾದದ್ದನ್ನೇ ಓದಿಕೊಂಡಿತು. ಸುಕನ್ಯಾಳಿಗೆ ಸೀಟು ಸಿಕ್ಕಿದೆ. ಸಿಕ್ಕಿದವಳು ಗಂಗಾವತಿಗೆ ಯಾಕೆ ಹೋಗುತ್ತಾಳೆ ಎಂದು ಕೇಳಿದವರಿಗೆ ಊರೇ ಉತ್ತರ ಕೊಟ್ಟುಕೊಂಡಿತು: ಅಲ್ಲಿ ದೊಡ್ಡ ದವಾಖಾನೆಗಳಿವೆ, ಪ್ರಾಕ್ಟೀಸಿಗೆ ಇರಬೇಕು. ಮನೆಯವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹುಲಿಗೆಪ್ಪ ಆ ಪ್ರಶ್ನೆ ಬಂದಾಗಲೆಲ್ಲ ವಾಲ್ವು ತಿರುಗಿಸುವುದಿದೆ ಎಂದು ಎದ್ದು ಹೋಗುತ್ತಿದ್ದ. ಆ ವರ್ಷ ಊರಿಗೆ ನೀರು ಧಾರಾಳ ಬಂತು.

ಗಂಗಾವತಿಯ ಕೋಚಿಂಗಿನಲ್ಲಿ ಮೊದಲ ದಿನ ಸುಕನ್ಯಾ ಬಾಗಿಲಲ್ಲಿ ಕಾಣಿಸುತ್ತಲೇ ಇಡೀ ಕ್ಲಾಸು ಎದ್ದು ನಿಂತು ಗುಡ್ ಮಾರ್ನಿಂಗ್ ಮ್ಯಾಡಂ ಅಂದಿತಂತೆ. ಅವಳು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ, ಇನ್‌ಸ್ಪೆಕ್ಷನ್ನಿಗೆ ಬಂದಿರಬೇಕೆಂದು ನಿಜವಾದ ಮೇಷ್ಟ್ರು ಬೆವರಿದರಂತೆ. ಜೀವಶಾಸ್ತ್ರ ಅವಳಿಗೆ ನೀರು ಕುಡಿದಂತೆ. ಭೌತಶಾಸ್ತ್ರ ಮಾತ್ರ ಒಣ ಸಜ್ಜೆ ರೊಟ್ಟಿ. ಅಗಿದಷ್ಟೂ ಬಾಯೊಳಗೆ ಉಳಿಯುತ್ತಿತ್ತು.

ಪರೀಕ್ಷೆ ಕೊಪ್ಪಳದಲ್ಲಿ. ಹುಲಿಗೆಪ್ಪ ಜೊತೆಗೆ ಹೋಗಿದ್ದ. ಗೇಟಿನಲ್ಲಿ ನಿಂತವನು ಹುಡುಗರನ್ನೆಲ್ಲ ಒಳಗೆ ಬಿಟ್ಟು ಸುಕನ್ಯಾಳಿಗೆ ಕೈ ಅಡ್ಡ ಹಿಡಿದ. "ಪಾಲಕರು ಹೊರಗ ನಿಂದರ್ರಿ ಮ್ಯಾಡಂ." ಅವಳು ಹಾಲ್ ಟಿಕೆಟ್ ತೋರಿಸಿದಳು. ಅವನು ಅದನ್ನೂ ಅವಳನ್ನೂ ನೋಡಿ, ಹಿಂದೆ ನಿಂತಿದ್ದ ಹುಲಿಗೆಪ್ಪನನ್ನು ನೋಡಿ, 'ಇವರೂ ಬರೀತಾರೇನು' ಎಂದು ಕೇಳಿದನಂತೆ. ಇದನ್ನು ಹುಲಿಗೆಪ್ಪ ನನಗೆ ಹೇಳುವಾಗ ನಗುತ್ತಿದ್ದ. ಫಲಿತಾಂಶ ಬಂದ ಮೇಲೆ ಅದೇ ಮಾತನ್ನು ಮತ್ತೆ ಹೇಳಿದ, ನಗಲಿಲ್ಲ.

ಆ ಸಲ ಸೀಟು ಸಿಗುವಷ್ಟು ಅಂಕ ಬರಲಿಲ್ಲ.

ಬೇರೆ ಹುಡುಗರು ಫೇಲಾದರೆ ಊರು ಎರಡು ದಿನ ಮಾತಾಡಿ ಮರೆಯುತ್ತದೆ. ಸುಕನ್ಯಾಳಿಗೆ ಆ ಸುಖವೂ ಇಲ್ಲ. ಅವಳು ಫೇಲಾದದ್ದು ಯಾರಿಗೂ ಗೊತ್ತೇ ಆಗುವಂತಿರಲಿಲ್ಲ. ಅಳುವುದನ್ನೂ ಊರು ನೀರು ಹಿಡಿಯುವ ಗದ್ದಲದಲ್ಲಿದ್ದಾಗ ಅಳಬೇಕಿತ್ತು. ಹಿಂದೆ ಹೋಗೋಣವೆಂದರೆ ಪಿಎಚ್.ಡಿ.ಯ ಜಾಗಕ್ಕೆ ಬೇರೆಯವರು ಬಂದು ಸೊಳ್ಳೆ ಎಣಿಸುತ್ತಿದ್ದರು. ಇನ್ನೊಂದೇ ಸಲ ಬರೆಯುತ್ತೇನೆ, ಆಗದಿದ್ದರೆ ಫ್ಲೆಕ್ಸು ಸುಳ್ಳೆಂದು ಸರ್ಕಲ್ಲಿನಲ್ಲಿ ನಿಂತು ನಾನೇ ಹೇಳುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದಳು. ಕನಕರಾಜ ಅಂದು ಊಟ ಬಿಟ್ಟ.

ಇಷ್ಟರಲ್ಲಿ ಫ್ಲೆಕ್ಸು ತನ್ನ ಎರಡನೇ ಜನ್ಮಕ್ಕೆ ಹೋಗಿತ್ತು. ನಮ್ಮಲ್ಲಿ ಫ್ಲೆಕ್ಸು ಸರ್ಕಲ್ಲಿನಲ್ಲಿರುವುದು ಕೆಲವು ದಿನ. ಆಮೇಲೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮೆಕ್ಕೆಜೋಳದ ರಾಶಿಯ ಮೇಲೆ, ಬಚ್ಚಲಿಗೆ ಮರೆಯಾಗಿ, ನಿಂತ ಗಾಡಿಯ ಮೇಲೆ ಹೊದಿಕೆಯಾಗಿ ಅದು ವರ್ಷಗಟ್ಟಲೆ ಬಾಳುತ್ತದೆ. ಇಳಿಸುವ ಮೊದಲೇ ಇದು ನನಗೆ ಎಂದು ಹೇಳಿಟ್ಟವರಿರುತ್ತಾರೆ. ಸರ್ಕಲ್ಲಿನ ದೊಡ್ಡ ಸುಕನ್ಯಾ ಜಿಲಾನಸಾಬರ ಪಾಲಿಗೆ ಬಂದಳು. ಜಿಲಾನಸಾಬರು ಸಂತೆಯಲ್ಲಿ ಆಡು ಮಾರುವವರು. ದೊಡ್ಡಿಗೆ ಅದನ್ನು ಚಪ್ಪರದಂತೆ ಕಟ್ಟಿದ್ದರು. ಒಂದು ಕಡೆ ಇಳಿಬಿದ್ದ ತುದಿಯನ್ನು ಆಡುಗಳು ದಿನಕ್ಕಿಷ್ಟು ಎಂದು ತಿನ್ನತೊಡಗಿದವು. ಮೊದಲು ಶುಭ ಕೋರುವವರು ಹೋದರು. ಆಮೇಲೆ ಸ್ಟೆಥಾಸ್ಕೋಪು.

ಸುಕನ್ಯಾ ಊರಿಗೆ ಬಂದಾಗಲೆಲ್ಲ ಆ ದಾರಿಯಲ್ಲೇ ಮನೆಗೆ ಹೋಗಬೇಕು. ಜಿಲಾನಸಾಬರು ಕರೆದು, "ಬೇಟಿ, ಎರಡನೇ ವರ್ಷ ಅಲ್ಲ ಈಗ?" ಎಂದು ಕೇಳುವರು. ಅವಳು ತಲೆ ತಗ್ಗಿಸಿ ಹೋಗುವಳು. ವಿನಯ ನೋಡ್ರಿ, ಡಾಕ್ಟರ್ ಓದಾಕಿ ಆದ್ರೂ ತಲಿ ಎತ್ತಂಗಿಲ್ಲ ಎಂದು ಅವರು ಎಲ್ಲರಿಗೂ ಹೇಳುವರು. ಹೀಗೆ ಊರು ಅವಳನ್ನು ವರ್ಷ ವರ್ಷ ಪಾಸು ಮಾಡುತ್ತ ಹೋಯಿತು. ಎಲ್ಲಿಯೂ ಒಂದು ವಿಷಯದಲ್ಲೂ ಫೇಲು ಮಾಡಲಿಲ್ಲ. ಯಲಬುರ್ಗಾ ಕಡೆಯವರು ಎರಡನೇ ವರ್ಷದ ಡಾಕ್ಟರ್ ಹುಡುಗಿ ಎಂದು ಕೇಳಿಕೊಂಡು ಬಂದು ಕಳಕಮ್ಮನ ಮನೆಯಲ್ಲಿ ಅವಲಕ್ಕಿ ತಿಂದು, ಓದು ಮುಗಿಯಲಿ ಎಂಬ ಉತ್ತರ ತಗೊಂಡು ಹೋದರು. ಮುಗಿಯುವುದಿರಲಿ, ಓದು ಶುರುವಾಗಲಿ ಎಂದು ಕಳಕಮ್ಮ ಹುಲಿಗೆಮ್ಮ ದೇವಿಗೆ ಹರಕೆ ಹೊತ್ತಿದ್ದಳು.

ಮರುವರ್ಷ ಸುಕನ್ಯಾ ಮತ್ತೆ ಬರೆದಳು. ಗೇಟಿನವನು ಈ ಸಲ ಗುರುತು ಹಿಡಿದು ನಮಸ್ಕಾರ ಮಾಡಿದನಂತೆ. ಅಂಕ ಬಂದವು. ಕೌನ್ಸೆಲಿಂಗ್ ಆಯಿತು. ನಮ್ಮ ಭಾಗದವರಿಗೆ ೩೭೧ಜೆ ಮೀಸಲಾತಿ ಇದೆಯಲ್ಲ, ಅದೂ ಕೈಹಿಡಿದು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ಸೀಟು ಸಿಕ್ಕಿತು.

ಎರಡು ವರ್ಷ ಕಾದ ಸಂತೋಷ ಬಂತು. ಆದರೆ ಅದನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಹುಲಿಗೆಪ್ಪ ಕುಷ್ಟಗಿಗೆ ಹೋಗಿ ಪೇಢೆ ತಂದ. ತಂದ ಮೇಲೆ ಹೊಳೆಯಿತು, ಏನೆಂದು ಹಂಚುವುದು? ಮೂರನೇ ವರ್ಷದಲ್ಲಿರುವ ಮಗಳಿಗೆ ಸೀಟು ಸಿಕ್ಕಿತು ಎಂದೇ? ಕೈಯಲ್ಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದವನನ್ನು ಪಕ್ಕದ ಮನೆಯ ಮುದಿಯಪ್ಪ ಕಂಡು ಏನು ವಿಶೇಷ ಎಂದು ಕೇಳಿಯೇಬಿಟ್ಟ.

"ಎಮ್ಮಿ ಈದೈತಿ," ಅಂದ ಹುಲಿಗೆಪ್ಪ.

ಓಣಿಯಲ್ಲೆಲ್ಲ ಪೇಢೆ ಹಂಚಿದ. ಎಲ್ಲರೂ ಎಮ್ಮೆಯನ್ನು ಹರಸಿದರು. ಮರುದಿನ ಬೆಳಿಗ್ಗೆ ಹೆಂಗಸರು ಪಾತ್ರೆ ಹಿಡಿದು ಗಿಣ್ಣದ ಹಾಲಿಗೆ ಬಂದು ನಿಂತರು. ಆ ಎಮ್ಮೆ ಗಬ್ಬ ಕಟ್ಟದೆ ಎಷ್ಟೋ ಕಾಲವಾಗಿತ್ತು. ಅದು ಗೂಟದಲ್ಲಿ ನಿಂತು ಎಲ್ಲರನ್ನೂ ನೋಡುತ್ತಿತ್ತು. ಕರು ಎಲ್ಲಿ ಎಂಬ ಪ್ರಶ್ನೆಗೆ ಕಳಕಮ್ಮ ಗಂಡ ನಿಂತಿದ್ದ ಕಡೆ ತಿರುಗಿದಳು. ಗಂಡ ವಾಲ್ವು ತಿರುಗಿಸಲು ಹೋಗಿಯಾಗಿತ್ತು.

ಸುಕನ್ಯಾ ಎರಡು ವರ್ಷದಲ್ಲಿ ಮೊದಲ ಸಲ ಅಪ್ಪನ ಮೇಲೆ ಸಿಟ್ಟಾದದ್ದು ಅಂದು.

"ಅಪ್ಪಾ, ನನ್ನ ಸೀಟು ಎಮ್ಮಿ ಹೆಸರಿಗೆ ಬರದಿ ಏನು?"

ಆ ಸಂಜೆ ಅವಳು ಕನಕರಾಜನನ್ನು ಎಳೆದುಕೊಂಡು ನನ್ನ ಮನೆಗೆ ಬಂದಳು. ಹೊಸ ಫ್ಲೆಕ್ಸು ಬೇಕು, ಒಕ್ಕಣೆ ನಾನು ಹೇಳುತ್ತೇನೆ, ನೀವು ಒಂದು ಅಕ್ಷರವನ್ನೂ ಕೂಡಿಸಬಾರದು ಎಂದಳು. ಅಲಂಕಾರವಿಲ್ಲದೆ ಬರೆಯುವುದು ನನಗೆ ಅಂಗಿ ಬಿಚ್ಚಿ ಸಂತೆಗೆ ಹೋದಂತೆ, ಆದರೂ ಬರೆದೆ. 'ಸುಕನ್ಯಾ, ತಂದೆ ಹುಲಿಗೆಪ್ಪ. ಪಿಎಚ್.ಡಿ. ಅರ್ಧಕ್ಕೆ ಬಿಟ್ಟಳು. ಹೋದ ವರ್ಷ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಈ ವರ್ಷ ಸಿಕ್ಕಿದೆ. ಎಂಬಿಬಿಎಸ್, ಮೊದಲನೇ ವರ್ಷ.'

ಕನಕರಾಜ ಅದನ್ನು ಸತ್ತವರ ಸುದ್ದಿ ಓದಿದಂತೆ ಓದಿದ. "ಸೋತದ್ದನ್ನ ಫ್ಲೆಕ್ಸಿಗೆ ಹಾಕಿದವರು ಯಾರರೇ ಅದಾರೇನು? ಸುಮ್ಮನ ಹೋಗಿ ಓದು. ಮೂರನೇ ವರ್ಷ ಅಂತ ತಿಳ್ಕೊಂಡವರು ತಿಳ್ಕೊಂಡಿರಲಿ."

"ಹಂಗಾರ ಇನ್ನ ಮೂರು ವರ್ಷಕ್ಕ ಮಂದಿ ಜಡ್ಡಿನವರನ್ನ ಕರಕೊಂಡು ನನ್ನ ಹಂತ್ಯಾಕ ಬರ್ತಾರ ಮಾವ. ಆವಾಗ ನಾ ಏನ ಮಾಡ್ಲಿ? ಬದುವಿನ ಮ್ಯಾಲ ಕುಂತಾಕಿಗೆ ಹೇಳಿದಂಗ, ನಂಗ ಬರಂಗಿಲ್ಲ ಅಂತ ಹೇಳ್ಲಿ?"

ಕನಕರಾಜ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ. ಪ್ರಿಂಟಾಯಿತು. ಕೋಟಿಲ್ಲ, ಕೈಯಿಲ್ಲ, ಹಾಲ್ ಟಿಕೆಟ್ಟಿನ ಫೋಟೊ ಮಾತ್ರ. ಶುಭ ಕೋರಲು ಮುಖ ಕೊಡಿ ಎಂದರೆ ಊರಿನಲ್ಲಿ ಯಾರೂ ಸಿದ್ಧರಾಗಲಿಲ್ಲ. ಇಂಥ ಫ್ಲೆಕ್ಸಿನ ಮೇಲೆ ಕಂಡರೆ ತಾವೂ ಫೇಲಾದಂತೆ ಕಾಣುತ್ತದೆ ಎಂಬ ಅಂಜಿಕೆ. ನಾನೂ ನನ್ನ ಫೋಟೊ ಹಳೆಯದು ಎಂದು ನುಣುಚಿಕೊಂಡೆ. ಕೊನೆಗೆ ಜಿಲಾನಸಾಬರು ಒಬ್ಬರೇ ಬಂದರು. ಆ ಮೊದಲಿನ ಫ್ಲೆಕ್ಸನ್ನು ತಮ್ಮ ಆಡುಗಳು ತಿಂದು ಅರಗಿಸಿಕೊಂಡಿವೆ, ಆ ಲೆಕ್ಕಕ್ಕೆ ತಾವು ಶುಭ ಕೋರಲೇಬೇಕು ಎಂದರು. ಇಳಿಸಿದ ಮೇಲೆ ಇದನ್ನೂ ತಮಗೇ ಕೊಡಬೇಕೆಂದು ಅಲ್ಲಿಯೇ ಹೇಳಿಟ್ಟರು.

ಫ್ಲೆಕ್ಸು ಎದ್ದಿತು. ನನ್ನ ಜೀವಮಾನದಲ್ಲಿ ಸರ್ಕಲ್ಲಿನಲ್ಲಿ ನಾನು ನಿಲ್ಲಿಸಿದ ಏಕೈಕ ಸತ್ಯ ಅದು. ಊರು ಗುಂಪಾಗಿ ಬಂದು ಓದಿತು. ಓದಿ, ಮೂರನೇ ವರ್ಷದವಳನ್ನು ಮೊದಲನೇ ವರ್ಷಕ್ಕೆ ಇಳಿಸಿದ್ದಾರೆ, ಏನೋ ಆಗಿರಬೇಕು ಎಂದಿತು. ಕೆಲವರು ಪ್ರಿಂಟಿಂಗ್ ತಪ್ಪು ಎಂದರು. ಬಲ್ಲವರು, ಒಕ್ಕಣೆ ಮಾಸ್ತರದು, ಮಾಸ್ತರ ಬರೆದದ್ದನ್ನ ಹಂಗ ನಂಬಬಾರದು ಎಂದು ಹೇಳಿ ಮಾತು ಮುಗಿಸಿದರು.

ಕಾಲೇಜು ಶುರುವಾಗುವ ದಿನ ನಾನೂ ಕೊಪ್ಪಳದ ಡಿಡಿಪಿಐ ಆಫೀಸಿಗೆ ಹೋಗುವವನಿದ್ದೆ. ಅದೇ ಬಸ್ಸು ಹತ್ತಿದೆ. ಕಳಕಮ್ಮ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಕೊಟ್ಟು, ಮಗಳನ್ನೂ ಡ್ರೈವರನನ್ನೂ ಒಂದೇ ದನಿಯಲ್ಲಿ ಗದರಿಸಿ ಕಳಿಸಿದಳು. ಹುಲಿಗೆಪ್ಪ ವಾಲ್ವು ತಿರುಗಿಸಲು ಹೋಗದೆ ಬಸ್ಸು ಹೊರಡುವ ತನಕ ಕಿಟಕಿ ಹಿಡಿದು ನಿಂತಿದ್ದ. ಅಂದು ನಮ್ಮ ಓಣಿಗೆ ನೀರು ಬಂದಿರಲಿಲ್ಲ ಎಂದು ಸಂಜೆ ನನ್ನ ಹೆಂಡತಿ ಹೇಳಿದಳು.

ಸುಕನ್ಯಾಳ ಪಕ್ಕ ಮೆಣಸಿನಕಾಯಿ ಚೀಲ ಕಾಲಡಿ ಇಟ್ಟುಕೊಂಡ ಅಜ್ಜಿಯೊಬ್ಬಳು ಕೂತಿದ್ದಳು. ನೋಡಿ ನೋಡಿ ಗುರುತು ಹಿಡಿದಳು.

"ನೀ ಹುಲಿಗೆಪ್ಪನ ಮಗಳಲ್ಲೇನು? ಡಾಕ್ಟರಕಿ ಓದಾಕಿ? ಈಗ ಎಷ್ಟನೇ ವರ್ಷ?"

ನಾನು ಹಿಂದಿನ ಸೀಟಿನಲ್ಲಿ ಅಭ್ಯಾಸಬಲದಿಂದ ಒಂದು ನಡುವಣ ಉತ್ತರ ಹುಡುಕತೊಡಗಿದೆ. ಸುಕನ್ಯಾ ತಲೆ ತಗ್ಗಿಸಲಿಲ್ಲ.

"ಮೊದಲನೇ ವರ್ಷ, ಅಜ್ಜಿ," ಎಂದಳು, ಕಂಡಕ್ಟರನಿಗೂ ಕೇಳುವಷ್ಟು ಜೋರಾಗಿ.

ಅಜ್ಜಿ ಮೆಣಸಿನಕಾಯಿಯ ಘಾಟಿನ ಕೈಯಿಂದಲೇ ಅವಳ ಬೆನ್ನು ಸವರಿದಳು.

"ಇರ್ಲಿ ಬಿಡವ್ವ. ಮನಸಿಗೆ ಹಚ್ಕೋಬ್ಯಾಡ. ಈ ಸಲ ಪಾಸ್ ಆಗ್ತಿ."